ಏಳನೆಯ ನಡೆಯಲ್ಲಿ ಹಿಂದೆ ಸರಿದ ಒಂಟೆ

ಮೈಸೂರಿನ ಮುಕ್ತ ಚೆಸ್ ಪಂದ್ಯಾವಳಿಯೊಂದರ ನಾಲ್ಕನೆಯ ಸುತ್ತಿನಲ್ಲಿ ನನ್ನೆದುರು ಕುಳಿತವನು ಹನ್ನೆರಡು ವರ್ಷದ ಹುಡುಗ. ಕಪ್ಪು ಕಾಯಿಗಳು ನನ್ನವು. ಎರಡೂ ಕಡೆಯ ಒಂಟೆಗಳು ಸಿ ಸಾಲಿನಲ್ಲಿ ಮುಖಾಮುಖಿಯಾದ ಮೇಲೆ ಅವನು ಬಿ ಸಾಲಿನ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿ, ಗಡಿಯಾರ ಒತ್ತಿ, ಸ್ಕೋರ್‌ಶೀಟಿನಲ್ಲಿ ‘ಬಿ4’ ಎಂದು ಗುಂಡಗೆ ಬರೆದುಕೊಂಡ.

ಅದು ಎವಾನ್ಸ್ ಗ್ಯಾಂಬಿಟ್. 1820ರ ದಶಕದಲ್ಲಿ ವೇಲ್ಸ್‌ನ ಹಡಗಿನ ಕಪ್ತಾನ ವಿಲಿಯಂ ಡೇವಿಸ್ ಎವಾನ್ಸ್ ಕಂಡುಕೊಂಡ ಈ ಓಪನಿಂಗಿನಲ್ಲಿ ಬಿಳಿಯವನು ಒಂದು ಕಾಲಾಳನ್ನು ಬಲಿಕೊಡುತ್ತಾನೆ. ಅದನ್ನು ಹೊಡೆದ ಒಂಟೆಯನ್ನು ಸಿ3 ನಡೆಯಿಂದ ಓಡಿಸಿ, ಡಿ4 ಆಡಿ ಹಲಗೆಯ ನಡುಭಾಗವನ್ನು ಹಿಡಿಯುತ್ತಾನೆ. 1995ರಲ್ಲಿ ರೀಗಾದಲ್ಲಿ ಕಾಸ್ಪರೋವ್ ಇದನ್ನೇ ಆಡಿ ನಮ್ಮ ಆನಂದ್ ಅವರನ್ನು 25 ನಡೆಗಳಲ್ಲಿ ಸೋಲಿಸಿದ್ದರು. ನಾನೂ ಹಿಂದಿನ ವರ್ಷ ಇದಕ್ಕೆ ಸೋತಿದ್ದೆ. ಸಿಕ್ಕಿದ ಕಾಲಾಳುಗಳನ್ನೆಲ್ಲ ಹೊಡೆಯುತ್ತಾ ಹೋದ ನನ್ನ ರಾಜನಿಗೆ ಕೋಟೆ ಕಟ್ಟಿಕೊಳ್ಳಲು ಬಿಡುವೇ ಸಿಗಲಿಲ್ಲ. ಆ ಸೋಲಿನ ನಂತರ ಹಲವು ರಾತ್ರಿ ಕುಳಿತು ನಾನು ಕಲಿತದ್ದು ಇದಕ್ಕೆ ಕಪ್ಪಿನವನು ಕೊಡುವ ಉತ್ತರವಾದ ಲಾಸ್ಕರ್ ರಕ್ಷಣೆಯನ್ನು.

ಕಾಲಾಳನ್ನು ಹೊಡೆದೆ, ಒಂಟೆಯನ್ನು ಎ5ಕ್ಕೆ ಸರಿಸಿದೆ, ಡಿ4ಕ್ಕೆ ಉತ್ತರವಾಗಿ ಡಿ6 ಆಡಿದೆ. ಅವನು ಕೋಟೆ ಕಟ್ಟಿದ. ಏಳನೆಯ ನಡೆಯಲ್ಲಿ ನಾನು ಒಂಟೆಯನ್ನು ಬಿ6ಕ್ಕೆ ಹಿಂದೆಗೆದಾಗ ಹುಡುಗ ಮೊದಲ ಬಾರಿಗೆ ಎರಡೂ ಕೈಗಳಿಂದ ಗಲ್ಲ ಹಿಡಿದು ಯೋಚನೆಗೆ ಕುಳಿತ. ಈ ನಡೆಯ ಅರ್ಥ, ನಿನ್ನ ಕಾಲಾಳನ್ನು ಬೇಕಾದರೆ ಮರಳಿ ತೆಗೆದುಕೋ ಎಂಬುದು. ಅವನು ತೆಗೆದುಕೊಂಡ, ಮಂತ್ರಿಗಳು ಹಲಗೆಯಿಂದ ಹೊರಬಿದ್ದವು. ಲೆಕ್ಕ ಸಮನಾದರೂ ಅವನ ಎ ಮತ್ತು ಸಿ ಸಾಲಿನ ಕಾಲಾಳುಗಳು ಒಂಟಿಯಾಗಿ ಉಳಿದವು, ನನ್ನ ಮೂರು ಅಕ್ಕಪಕ್ಕದಲ್ಲಿ ಕೈಹಿಡಿದು ನಿಂತಿದ್ದವು. ಇಂತಹ ಸ್ಥಿತಿ ನನಗೆ ಬಲು ಪ್ರಿಯ. ಇಲ್ಲಿ ಅವಸರವಿಲ್ಲ, ಪ್ರತಿ ನಡೆಗೂ ಬೆಲೆಯಿದೆ. ಆನೆಯನ್ನು ಸಿ ಸಾಲಿಗೆ ತಂದು ಒತ್ತುತ್ತಾ ಹೋದೆ. 34ನೆಯ ನಡೆಯಲ್ಲಿ ಸಿ3ರ ಕಾಲಾಳು ಬಿತ್ತು, 52ರಲ್ಲಿ ಅವನು ಸೋಲೊಪ್ಪಿ ಕೈ ಚಾಚಿದ.

ಸಹಿ ಹಾಕಿದ ಮೇಲೂ ಅವನು ಎದ್ದುಹೋಗಲಿಲ್ಲ. ಕಾಯಿಗಳನ್ನು ಸರಸರನೆ ಆರನೆಯ ನಡೆಯ ಸ್ಥಿತಿಗೆ ಜೋಡಿಸಿ, “ಅಂಕಲ್, ನೀವು ಇಲ್ಲಿ ಹೊಡೀತಾ ಹೋಗಿದ್ರೆ?” ಎಂದು ಕೇಳಿದ. ನನ್ನ ಪರವಾಗಿ ತಾನೇ ಎರಡು ಕಾಲಾಳುಗಳನ್ನು ಹೊಡೆದು, ತನ್ನ ಮಂತ್ರಿಯನ್ನು ಬಿ3ರಲ್ಲಿಟ್ಟ. ಇಬ್ಬರೂ ನನ್ನ ರಾಜನ ಪಕ್ಕದ ಎಫ್7ರ ಮನೆಯನ್ನೇ ನೋಡುತ್ತಾ ಕುಳಿತೆವು.