ನೀರಿನಲ್ಲಿ ತಯಾರಾಗಿ ಪೊರೆಯಲ್ಲಿ ನೆಲೆಸುವ ಪ್ರೋಟೀನು

ಬಾಗಲಕೋಟೆಯ ನವನಗರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುವ ನಾನು, ಕಳೆದ ವಾರ ಜೀವಕೋಶದ ಪೊರೆಯ ಪಾಠಕ್ಕೆಂದು ಸ್ಟೀಲಿನ ಬಟ್ಟಲಿನಲ್ಲಿ ನೀರು ತುಂಬಿ, ಅದರ ಮೇಲೆ ಕುಸುಬಿ ಎಣ್ಣೆಯ ನಾಲ್ಕು ಹನಿ ಬಿಟ್ಟೆ. ಸ್ವಲ್ಪ ಹೊತ್ತು ಬೇರೆ ಬೇರೆಯಾಗಿ ತೇಲಿದ ಹನಿಗಳು, ಬಟ್ಟಲು ಅಲುಗಿದೊಡನೆ ಒಂದನ್ನೊಂದು ಕೂಡಿ ಒಂದೇ ಹಳದಿ ಬಿಲ್ಲೆಯಾದವು. ಪೊರೆಯಲ್ಲಿ ನೆಲೆಸುವ ಪ್ರೋಟೀನುಗಳ ಕೆಲವು ಭಾಗಗಳೂ ಹೀಗೆಯೇ ನೀರಿಗೆ ಒಗ್ಗದವು ಎಂದು ನಾನು ಹೇಳುತ್ತಿದ್ದಂತೆ ಮುಂದಿನ ಬೆಂಚಿನ ಹುಡುಗಿ ಕೇಳಿದಳು: "ಸರ್, ಹಂಗಾರ ಅವು ನೀರಿನ್ಯಾಗ ತಯಾರಾಗೂ ಮುಂದ ಗಂಟ ಆಗೂದಿಲ್ಲೇನ್ರೀ?"

ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಆ ಪಾಠದಲ್ಲಿ ಯಾರೂ ಕೇಳಿರಲಿಲ್ಲ. ಪೊರೆಯ ಚಿತ್ರ ಬರೆಯುವಾಗ ನಾವು ಪ್ರೋಟೀನು ಆಗಲೇ ಅಲ್ಲಿ ಕುಳಿತಿರುವಂತೆ ತೋರಿಸುತ್ತೇವೆಯೇ ಹೊರತು, ಅದು ಅಲ್ಲಿಗೆ ಸೇರಿದ್ದು ಹೇಗೆಂದು ಹೇಳುವುದಿಲ್ಲ.

ಗಂಟಾಗಲು ಕೋಶವು ಸಮಯವನ್ನೇ ಕೊಡುವುದಿಲ್ಲ. ಪ್ರೋಟೀನು ತಯಾರಿಸುವ ಯಂತ್ರವಾದ ರೈಬೋಸೋಮಿನಿಂದ ಪ್ರೋಟೀನಿನ ಎಳೆ ಹೊರಬರುತ್ತಿರುವಾಗ, ನೀರಿಗೆ ಒಗ್ಗದ ಮೊದಲ ತುಣುಕು ಕಾಣಿಸಿಕೊಂಡೊಡನೆ, ಒಂದು ಆರ್‌ಎನ್‌ಎ ಮತ್ತು ಆರು ಪ್ರೋಟೀನುಗಳಿಂದಾದ ಎಸ್‌ಆರ್‌ಪಿ ಎಂಬ ಕಣವು ಅದನ್ನು ತನ್ನ ಮಡಿಲಲ್ಲಿ ಮುಚ್ಚಿಟ್ಟುಕೊಂಡು, ತಯಾರಿಕೆಯ ವೇಗವನ್ನು ತಗ್ಗಿಸಿ, ರೈಬೋಸೋಮನ್ನೇ ಕೋಶದೊಳಗಿನ ಪೊರೆಗಳ ಜಾಲವಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ಮಿನ ಪೊರೆಗೆ ಕರೆದೊಯ್ಯುತ್ತದೆ. ಎಳೆಯಲ್ಲಿಯೇ ಅದರ ವಿಳಾಸ ಬರೆದಿರುತ್ತದೆ ಎಂಬ ಊಹೆಯನ್ನು ಜೀವವಿಜ್ಞಾನಿಗಳಾದ ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಟಿನಿ 1971ರಲ್ಲಿ ಮುಂದಿಟ್ಟರು. ಮುಂದೆ ಅದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಂದಿತು.

ಎಳೆ ಒಳಸೇರಲು ಆ ಪೊರೆಯಲ್ಲಿ ಪ್ರೋಟೀನಿನದೇ ಒಂದು ಬಾಗಿಲಿದೆ, ಅದರ ಹೆಸರು ಸೆಕ್61. ನಮ್ಮ ಆಲಮಟ್ಟಿಯ ಗೇಟು ಎತ್ತಿದರೆ ನೀರು ಮುಂದಕ್ಕೆ ಮಾತ್ರ ಹರಿಯುತ್ತದೆ. ಸೆಕ್61 ಹಾಗಲ್ಲ, ಅದು ಎಳೆಯನ್ನು ಆಚೆ ದಾಟಿಸುವುದರ ಜೊತೆಗೆ ಪಕ್ಕಕ್ಕೂ ತೆರೆದುಕೊಳ್ಳಬಲ್ಲದು. ಎಳೆಯ ಮಣಿಗಳಾದ ಅಮೈನೋ ಆಮ್ಲಗಳು ಸುಮಾರು 20 ಇರುವ, ನೀರಿಗೆ ಒಗ್ಗದ ತುಣುಕು ಬಂದಾಗ, ಅದು ಆ ಪಕ್ಕದ ಸೀಳಿನಿಂದ ಜಾರಿ ಪೊರೆಯ ಕೊಬ್ಬಿನೊಳಗೆ ಸೇರುತ್ತದೆ. ಈ ಸೀಳನ್ನು ಸೂಚಿಸಿದ್ದು 2004ರಲ್ಲಿ ಪ್ರಕಟವಾದ, ಸೂಕ್ಷ್ಮಜೀವಿಯೊಂದರಲ್ಲಿರುವ, ಸೆಕ್61ರ ಕುಲಕ್ಕೇ ಸೇರಿದ ಬಾಗಿಲಿನ ರಚನೆ.

ಆದರೆ ಈ ಉತ್ತರ ಎಲ್ಲ ಪ್ರೋಟೀನುಗಳಿಗೂ ಸಲ್ಲುವುದಿಲ್ಲ. ಕೆಲವುಗಳಲ್ಲಿ ಪೊರೆಗೆ ಸೇರಬೇಕಾದ ತುಣುಕು ಎಳೆಯ ಕಟ್ಟಕಡೆಯಲ್ಲಿರುತ್ತದೆ. ರೈಬೋಸೋಮಿನ ಸುರಂಗವು ಕೊನೆಯ ಮೂವತ್ತು-ನಲವತ್ತು ಅಮೈನೋ ಆಮ್ಲಗಳನ್ನು ತನ್ನೊಳಗೇ ಹಿಡಿದಿರುವುದರಿಂದ, ಆ ತುಣುಕು ಹೊರಗೆ ಕಾಣುವಷ್ಟರಲ್ಲಿ ತಯಾರಿಕೆ ಮುಗಿದುಹೋಗಿರುತ್ತದೆ. ಇಂಥವನ್ನು ಟಿಆರ್‌ಸಿ40 ಎಂಬ ಬೇರೊಂದು ಪ್ರೋಟೀನು ನೀರು ಸೋಕದಂತೆ ಪೊರೆಯವರೆಗೆ ಕೊಂಡೊಯ್ಯುತ್ತದೆ. ಇದು ಗೊತ್ತಾದದ್ದು 2007ರಲ್ಲಿ. ಸೆಕ್61ರ ಮೂರು ಭಾಗಗಳಲ್ಲೊಂದಾದ ಬೀಟಾ ಕೂಡ ಇದೇ ಜಾತಿಯದು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

"ಹಂಗಾದ್ರ ಮೊದಲ್ನೇ ಬಾಗಲಾ ಹೆಂಗ ಕೂತ್ತ್ರೀ ಸರ್?" ಎಂದಳು ಅದೇ ಹುಡುಗಿ. ಹೊಸ ಬಾಗಿಲಿನ ಮುಖ್ಯ ಭಾಗವಾದ ಆಲ್ಫಾ, ಆಗಲೇ ಇರುವ ಬಾಗಿಲಿನ ಮೂಲಕವೇ ಪೊರೆಯನ್ನು ಸೇರಬೇಕು. ನಾನು ಅವಳಿಗೆ ಹೆಪ್ಪಿನ ಮಾತು ಹೇಳಿದೆ: ಇಂದಿನ ಮೊಸರಿಗೆ ನಿನ್ನೆಯ ಮೊಸರು ಬೇಕಾಗುವಂತೆ, ಕೋಶ ಇಬ್ಭಾಗವಾಗುವಾಗ ತಾಯಿ ಕೋಶವು ಬಾಗಿಲುಗಳಿರುವ ಪೊರೆಯನ್ನೇ ಎರಡು ಮರಿಕೋಶಗಳಿಗೂ ಹಂಚಿಕೊಡುತ್ತದೆ.