ವರದಿಗೊಂದು ಟೆಂಪ್ಲೇಟ್ ಕಟ್ಟಿದ ದಿನ

ನಮ್ಮ ವಿಭಾಗದಲ್ಲಿ ಮೂರು ತಿಂಗಳಿಗೊಮ್ಮೆ ಒಂದು ವರದಿ ಸಿದ್ಧವಾಗುತ್ತದೆ. ಅದರ ಭಾಗಗಳನ್ನು ಬೇರೆ ಬೇರೆಯವರು ಬರೆದು ಕಳುಹಿಸುತ್ತಾರೆ. ಅವನ್ನೆಲ್ಲ ಒಂದುಗೂಡಿಸುವ ಕೆಲಸ ನನ್ನದು. ಹೊಸ ವರದಿ ಬರೆಯಬೇಕಾದಾಗ ಹಿಂದಿನ ವರದಿಯ ಫೈಲನ್ನು ತೆರೆದು, ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಂಡು, ಹಳೆಯದನ್ನು ಅಳಿಸುತ್ತ ಹೊಸದನ್ನು ತುಂಬುವ ಪದ್ಧತಿ ಮೊದಲಿನಿಂದಲೂ ನಡೆದುಬಂದಿತ್ತು. ಹೀಗೆ ಕೈಯಿಂದ ಕೈಗೆ ದಾಟಿಬಂದ ಫೈಲುಗಳ ಫುಟರಿನಲ್ಲಿ, ಅಂದರೆ ಪುಟದ ಅಡಿಯ ಪಟ್ಟಿಯಲ್ಲಿ, ಹೋದ ವರ್ಷದ ಅವಧಿಯೇ ಉಳಿದಿರುತ್ತಿತ್ತು. ಒಂದು ಭಾಗದ ಶೀರ್ಷಿಕೆ ದಪ್ಪಕ್ಷರದಲ್ಲಿದ್ದರೆ ಇನ್ನೊಂದರದು ಅಡಿಗೆರೆಯೊಂದಿಗೆ ಇರುತ್ತಿತ್ತು. ಪ್ಯಾರಾಗಳ ನಡುವಿನ ಅಂತರಕ್ಕಾಗಿ ಕೆಲವರು ಎಂಟರ್ ಕೀಲಿಯನ್ನು ಎರಡು ಸಲ ಒತ್ತಿರುತ್ತಿದ್ದರು. ವರದಿಯ ಒಳಗಿನ ಮಾತನ್ನು ಓದಬೇಕಾದ ಸಮಯವೆಲ್ಲ ಅದರ ಮೈಕಟ್ಟನ್ನು ಸರಿಪಡಿಸುವುದರಲ್ಲೇ ಕಳೆಯುತ್ತಿದ್ದುದರಿಂದ, ಕೆಲಸದ ಒತ್ತಡ ಕಡಿಮೆಯಿದ್ದ ಒಂದು ದಿನವನ್ನು ಸರಿಯಾದ ಟೆಂಪ್ಲೇಟ್, ಅಂದರೆ ಪ್ರತಿ ಹೊಸ ವರದಿಗೂ ಆಧಾರವಾಗುವ ಮಾದರಿ ಫೈಲ್, ಕಟ್ಟುವುದಕ್ಕೆಂದೇ ಮೀಸಲಿಟ್ಟೆ.

ಬೆಳಿಗ್ಗೆ ಮೊದಲು ಮಾಡಿದ್ದು ಕಂಪ್ಯೂಟರಿನ ಕೆಲಸವಲ್ಲ. ಹಳೆಯ ವರದಿಗಳ ಮುದ್ರಿತ ಪ್ರತಿಗಳನ್ನು ಹರಡಿಕೊಂಡು, ಯಾವುದು ಪ್ರತಿ ಸಲ ಬದಲಾಗುತ್ತದೆ, ಯಾವುದು ಎಂದೂ ಬದಲಾಗುವುದಿಲ್ಲ ಎಂದು ಹಾಳೆಯ ಮೇಲೆ ಬರೆದುಕೊಂಡೆ. ಸಂಸ್ಥೆಯ ಹೆಸರು, ಭಾಗಗಳ ಅನುಕ್ರಮ, ಕೋಷ್ಟಕಗಳ ವಿನ್ಯಾಸ ಬದಲಾಗದವು. ಅವಧಿ, ದಿನಾಂಕ, ಸಿದ್ಧಪಡಿಸಿದವರ ಹೆಸರು ಬದಲಾಗುವಂಥವು. ಟೆಂಪ್ಲೇಟ್ ಎಂದರೆ ಅಂದವಾದ ಮುಖಪುಟ ಎಂಬ ಭಾವನೆ ಬಹಳ ಜನರಲ್ಲಿದೆ. ನನ್ನ ಮಟ್ಟಿಗೆ ಅದು ಒಮ್ಮೆ ಕೂತು ಯೋಚಿಸಿ ತೆಗೆದುಕೊಂಡ ತೀರ್ಮಾನಗಳ ಸಂಗ್ರಹ. ಆ ತೀರ್ಮಾನಗಳು ಸ್ಪಷ್ಟವಾಗದೆ ಮೆನುಗಳೊಳಗೆ ಇಳಿದರೆ, ಇನ್ನೊಂದು ಹಳೆಯ ವರದಿಯನ್ನೇ ಹೊಸ ಹೆಸರಿನಲ್ಲಿ ಸೇವ್ ಮಾಡಿದಂತಾಗುತ್ತದೆ.

ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಖಾಲಿ ಡಾಕ್ಯುಮೆಂಟನ್ನು ತೆರೆದು ಪುಟದ ಅಳತೆಯನ್ನು ಎ4, ಅಂದರೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ ಎಂದು ನಿಗದಿಪಡಿಸಿ, ಮಾರ್ಜಿನ್‌ಗಳನ್ನು ಕೊಟ್ಟೆ. ಅಲ್ಲಿಂದ ಮುಂದೆ ಮಧ್ಯಾಹ್ನದವರೆಗಿನ ಸಮಯವೆಲ್ಲ ಸ್ಟೈಲ್‌ಗಳಿಗೆ, ಅಂದರೆ ಫಾಂಟ್, ಗಾತ್ರ, ಅಂತರಗಳನ್ನು ಒಂದು ಹೆಸರಿನಡಿ ಒಟ್ಟುಗೂಡಿಸಿಟ್ಟ ವಿನ್ಯಾಸಗಳಿಗೆ ಹೋಯಿತು, ಹೋಗಬೇಕಾದದ್ದೂ ಅಲ್ಲಿಗೇ. ಒಂದು ಸಾಲನ್ನು ಆರಿಸಿ ದಪ್ಪ ಮಾಡಿ ಅಕ್ಷರದ ಗಾತ್ರ ಹೆಚ್ಚಿಸಿದರೆ ಓದುವವರ ಕಣ್ಣಿಗೆ ಅದು ಶೀರ್ಷಿಕೆಯಂತೆ ಕಾಣುತ್ತದೆ, ಆದರೆ ವರ್ಡ್‌ನ ಪಾಲಿಗೆ ಅದು ಇನ್ನೊಂದು ಪ್ಯಾರಾ ಅಷ್ಟೆ. ಅದೇ ಸಾಲಿಗೆ 'ಹೆಡಿಂಗ್ 1' ಎಂಬ ಸ್ಟೈಲನ್ನು ಕೊಟ್ಟಾಗ, ಅದು ಪರಿವಿಡಿಯಲ್ಲಿ ತಾನಾಗಿ ಸೇರುತ್ತದೆ, ನ್ಯಾವಿಗೇಶನ್ ಪಟ್ಟಿಯಲ್ಲಿ ಕಾಣಿಸುತ್ತದೆ, ಮತ್ತು ಆ ಸ್ಟೈಲನ್ನು ತಿದ್ದಿದರೆ ವರದಿಯುದ್ದಕ್ಕೂ ಇರುವ ಅಂಥ ಎಲ್ಲ ಶೀರ್ಷಿಕೆಗಳೂ ಒಟ್ಟಿಗೆ ಬದಲಾಗುತ್ತವೆ. ಶೀರ್ಷಿಕೆಗಳಿಗೆ 'ಕೀಪ್ ವಿತ್ ನೆಕ್ಸ್ಟ್' ಎಂಬ ಗುರುತನ್ನು ಸ್ಟೈಲ್‌ನಲ್ಲೇ ಹಾಕಿದ್ದರಿಂದ, ಶೀರ್ಷಿಕೆಯೊಂದು ಪುಟದ ತಳದಲ್ಲಿ ಒಂಟಿಯಾಗಿ ಉಳಿದು ಅದರ ಪ್ಯಾರಾ ಮುಂದಿನ ಪುಟಕ್ಕೆ ಹೋಗುವುದು ನಿಂತಿತು. ಪ್ಯಾರಾಗಳ ನಡುವಿನ ಅಂತರವನ್ನೂ ಸ್ಟೈಲ್‌ನಲ್ಲೇ ಇಟ್ಟೆ. ಇನ್ನು ಎಂಟರ್ ಕೀಲಿಯನ್ನು ಎರಡು ಸಲ ಒತ್ತುವ ಅಗತ್ಯ ಯಾರಿಗೂ ಇರಲಿಲ್ಲ.

ಕನ್ನಡದಲ್ಲಿ ವರದಿ ಬರೆಯುವವರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ವರ್ಡ್ ತನ್ನ ಪ್ರತಿ ಸ್ಟೈಲ್‌ನಲ್ಲೂ ರೋಮನ್ ಅಕ್ಷರಗಳಿಗೆ ಒಂದು ಫಾಂಟನ್ನೂ, ಕನ್ನಡದಂಥ ಲಿಪಿಗಳನ್ನು 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಎಂದು ಕರೆದು ಅವುಗಳಿಗೆ ಇನ್ನೊಂದು ಫಾಂಟನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುತ್ತದೆ. ಅಕ್ಷರದ ಗಾತ್ರವೂ ಎರಡಕ್ಕೂ ಪ್ರತ್ಯೇಕ. ಎಡಿಟಿಂಗ್ ಭಾಷೆಗಳ ಪಟ್ಟಿಗೆ ಕನ್ನಡವನ್ನು ಸೇರಿಸಿದ್ದರೆ ಫಾಂಟ್ ಡೈಲಾಗ್ ಬಾಕ್ಸಿನಲ್ಲಿ ಈ ಎರಡನೆಯ ವಿಭಾಗ ಕಾಣಿಸುತ್ತದೆ. ಒಂದೇ ವರದಿಯಲ್ಲಿ ಕನ್ನಡ ಪದಗಳು ಒಂದು ಗಾತ್ರದಲ್ಲಿ, ನಡುವೆ ಬಂದ ಇಂಗ್ಲಿಷ್ ಸಂಕ್ಷೇಪಗಳು ಇನ್ನೊಂದು ಗಾತ್ರದಲ್ಲಿ ಕಾಣುವುದಕ್ಕೆ ಮೂಲ ಅನೇಕ ಸಲ ಇಲ್ಲೇ ಇರುತ್ತದೆ. ಕನ್ನಡಕ್ಕೆ ನೋಟೋ ಸೆರಿಫ್ ಕನ್ನಡವನ್ನು ಆರಿಸಿ, ಎರಡೂ ಲಿಪಿಗಳು ಒಂದೇ ಸಾಲಿನಲ್ಲಿ ಹೊಂದಿಕೊಂಡು ಕಾಣುವವರೆಗೆ ಗಾತ್ರಗಳನ್ನು ತಿದ್ದಿದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬೇರೊಂದು ಫಾಂಟ್ ಬಂದು ಕೂರುತ್ತದೆ ಮತ್ತು ಸಾಲುಗಳೂ ಪುಟಗಳೂ ಪಲ್ಲಟಗೊಳ್ಳುತ್ತವೆ. ಆದ್ದರಿಂದ ಫಾಂಟನ್ನು ಫೈಲಿನೊಳಗೇ ಅಡಕಗೊಳಿಸುವ ಆಯ್ಕೆಯನ್ನೂ ಗುರುತು ಮಾಡಿದೆ.

ಸಾಲುಗಳ ಅಂತರದ್ದು ಇನ್ನೊಂದು ಸೂಕ್ಷ್ಮ. ಹಳೆಯ ಫೈಲಿನಲ್ಲಿ ಅದು 'ಎಕ್ಸಾಕ್ಟ್ಲಿ' ಎಂದು ಕಟ್ಟುನಿಟ್ಟಾಗಿ ನಿಗದಿಯಾಗಿತ್ತು. ರೋಮನ್ ಅಕ್ಷರಗಳಿಗೆ ಅದು ಒಗ್ಗಬಹುದು. ಆದರೆ 'ವೈಶಿಷ್ಟ್ಯ' ಎಂಬ ಪದವನ್ನೇ ನೋಡಿ, ಷಕಾರಕ್ಕೆ ಟಕಾರದ ಒತ್ತು, ಅದಕ್ಕೆ ಮತ್ತೆ ಯಕಾರದ ಒತ್ತು ಸೇರಿ ಅಕ್ಷರ ಹರಡಿಕೊಳ್ಳುತ್ತದೆ. ಬಿಗಿಯಾದ ಅಂತರದಲ್ಲಿ ಇಂಥ ಅಕ್ಷರಗಳ ಅಂಚು ಕತ್ತರಿಸಿಹೋಗುತ್ತದೆ, ಇಲ್ಲವೇ ಪಕ್ಕದ ಸಾಲಿಗೆ ತಾಗುತ್ತದೆ. ಅಕ್ಷರದ ಗಾತ್ರಕ್ಕೆ ತಕ್ಕಂತೆ ಅಂತರವೂ ಬದಲಾಗುವ 'ಮಲ್ಟಿಪಲ್' ಎಂಬುದಕ್ಕೆ ಬದಲಾಯಿಸಿ ತುಸು ಹೆಚ್ಚು ಅಂತರ ಕೊಟ್ಟು, ಒತ್ತಕ್ಷರಗಳು ದಟ್ಟವಾಗಿದ್ದ ಒಂದು ಪ್ಯಾರಾವನ್ನು ಮುದ್ರಿಸಿ ನೋಡಿದೆ. ಓದುವುದಕ್ಕೆ ಹಿತವಾಗಿತ್ತು. ಕನ್ನಡ ಪುಟವೊಂದು ಉಸಿರಾಡುವಂತಿರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಊಟದ ನಂತರ ಬದಲಾಗುವ ಅಂಶಗಳನ್ನು ಕೈಗೆತ್ತಿಕೊಂಡೆ. ಡೆವಲಪರ್ ಟ್ಯಾಬನ್ನು ತೆರೆದು, ದಿನಾಂಕಕ್ಕೆ ಕ್ಯಾಲೆಂಡರಿನಿಂದ ಆರಿಸುವ ಕಂಟೆಂಟ್ ಕಂಟ್ರೋಲನ್ನೂ (ಬರೆಯುವವರು ತುಂಬಬೇಕಾದ ಗುರುತಿಸಿದ ಜಾಗ), ವಿಭಾಗದ ಹೆಸರಿಗೆ ಪಟ್ಟಿಯಿಂದ ಆರಿಸುವಂಥದ್ದನ್ನೂ ಇಟ್ಟೆ. ವರದಿಯ ಹೆಸರನ್ನು ಡಾಕ್ಯುಮೆಂಟಿನ 'ಟೈಟಲ್' ಪ್ರಾಪರ್ಟಿಗೆ ಜೋಡಿಸಿದ್ದರಿಂದ, ಮುಖಪುಟದಲ್ಲಿ ಒಮ್ಮೆ ಬರೆದರೆ ಫುಟರಿನಲ್ಲೂ ಅದೇ ಬರುತ್ತದೆ. ಪುಟದ ಮೇಲಿನ ಹೆಡರಿನಲ್ಲಿ 'ಸ್ಟೈಲ್‌ರೆಫ್' ಎಂಬ, ತಾನಾಗಿ ತುಂಬಿಕೊಳ್ಳುವ ಫೀಲ್ಡನ್ನು ಹಾಕಿದೆ. ಆಯಾ ಪುಟ ಯಾವ ಅಧ್ಯಾಯಕ್ಕೆ ಸೇರಿದೆಯೋ ಅದರ ಶೀರ್ಷಿಕೆಯನ್ನು ಅದು ತಾನೇ ತಂದುಕೊಳ್ಳುತ್ತದೆ. ತುಂಬದೆ ಬಿಟ್ಟ ಜಾಗದ ಸೂಚನಾ ಪಠ್ಯ ಮುದ್ರಣದಲ್ಲೂ ಬರುತ್ತದೆಯಾದ್ದರಿಂದ, 'ಇಲ್ಲಿ ಅವಧಿಯನ್ನು ನಮೂದಿಸಿ' ಎಂದು ಎದ್ದು ಕಾಣುವಂತೆ ಬರೆದೆ.

ಇಷ್ಟಾದ ಮೇಲೆ ಅದನ್ನು ಸಾಮಾನ್ಯ ಡಾಕ್ಯುಮೆಂಟಾಗಿ ಸೇವ್ ಮಾಡದೆ 'ವರ್ಡ್ ಟೆಂಪ್ಲೇಟ್' ಎಂಬ ಬಗೆಯನ್ನು ಆರಿಸಿ ಡಿಓಟಿಎಕ್ಸ್ ಫೈಲಾಗಿ ಉಳಿಸಿದೆ. ಇದರ ಪ್ರಯೋಜನ ದೊಡ್ಡದು. ಅಂಥ ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಟೆಂಪ್ಲೇಟ್ ತೆರೆಯುವುದಿಲ್ಲ, ಅದರ ಆಧಾರದ ಮೇಲೆ ಹೆಸರಿಲ್ಲದ ಹೊಸ ಡಾಕ್ಯುಮೆಂಟ್ ತೆರೆಯುತ್ತದೆ; ಯಾರು ಏನೇ ಬರೆದು ಸೇವ್ ಮಾಡಿದರೂ ಮೂಲ ಹಾಗೇ ಉಳಿಯುತ್ತದೆ. ಟೆಂಪ್ಲೇಟನ್ನೇ ತಿದ್ದಬೇಕಾದವರು ಫೈಲ್ ಮೆನುವಿನ 'ಓಪನ್' ಮೂಲಕ ತೆರೆಯಬೇಕು. ಎಲ್ಲರೂ ಬಳಸುವ ಹಂಚಿಕೆಯ ಫೋಲ್ಡರಿನಲ್ಲಿ ಅದನ್ನು ಇಟ್ಟು, ಪ್ರತಿಯೊಬ್ಬರ ವರ್ಡ್‌ನಲ್ಲೂ ಹಂಚಿಕೆಯ ಟೆಂಪ್ಲೇಟುಗಳನ್ನು ಹುಡುಕುವ 'ವರ್ಕ್‌ಗ್ರೂಪ್ ಟೆಂಪ್ಲೇಟ್ಸ್' ಎಂಬ ಜಾಗಕ್ಕೆ ಆ ಫೋಲ್ಡರಿನ ವಿಳಾಸವನ್ನು ಕೊಟ್ಟೆ.

ಸಂಜೆಗೆ ಸಹೋದ್ಯೋಗಿಯೊಬ್ಬರನ್ನು ಕರೆದು, ಏನನ್ನೂ ವಿವರಿಸದೆ, 'ಇದರಲ್ಲಿ ನಿಮ್ಮ ಭಾಗವನ್ನು ಬರೆದು ನೋಡಿ ಮೇಡಂ' ಎಂದೆ. ಅವರು ತಮ್ಮ ಹಳೆಯ ಫೈಲಿನಿಂದ ಪ್ಯಾರಾಗಳನ್ನು ಕಾಪಿ ಮಾಡಿ ಅಂಟಿಸಿದರು; ಅವುಗಳ ಜೊತೆಗೆ ಹಳೆಯ ಫಾಂಟೂ ಅಂತರವೂ ಬಂದವು. 'ಕೀಪ್ ಟೆಕ್ಸ್ಟ್ ಓನ್ಲಿ' ಎಂದು ಅಂಟಿಸಿ ತೋರಿಸಿದಾಗ ಪಠ್ಯ ಟೆಂಪ್ಲೇಟಿನ ಸ್ಟೈಲ್‌ಗೆ ಹೊಂದಿಕೊಂಡಿತು. 'ಹಾಗಾದರೆ ನಾಳೆ ನೀವು ಟೆಂಪ್ಲೇಟ್ ಬದಲಾಯಿಸಿದರೆ ನನ್ನ ಹಳೆಯ ವರದಿಗಳೂ ಬದಲಾಗುತ್ತವೆಯೇ?' ಎಂದು ಅವರು ಕೇಳಿದ ಪ್ರಶ್ನೆ ಬಹಳ ಸರಿಯಾದದ್ದಾಗಿತ್ತು. ಟೆಂಪ್ಲೇಟಿನಲ್ಲಿ ಸೇರಿಸಿದ ಮಾತುಗಳು ಹಳೆಯ ಡಾಕ್ಯುಮೆಂಟಿಗೆ ಹೋಗುವುದಿಲ್ಲ. ಸ್ಟೈಲ್‌ಗಳು ಮಾತ್ರ, ಅದೂ 'ಆಟೋಮ್ಯಾಟಿಕಲಿ ಅಪ್‌ಡೇಟ್ ಡಾಕ್ಯುಮೆಂಟ್ ಸ್ಟೈಲ್ಸ್' ಎಂಬುದನ್ನು ಗುರುತು ಮಾಡಿದ್ದರೆ, ಬದಲಾಗುತ್ತವೆ. ಆ ಗುರುತನ್ನು ನಾನು ಬೇಕೆಂದೇ ಖಾಲಿ ಬಿಟ್ಟೆ. ಒಮ್ಮೆ ಕಳುಹಿಸಿದ ವರದಿ ಕಳುಹಿಸಿದ ರೂಪದಲ್ಲೇ ಉಳಿಯಬೇಕು.

ಇನ್ನೊಬ್ಬ ಸಹೋದ್ಯೋಗಿ ಬಳಸುವುದು ವರ್ಡ್‌ನಂಥದ್ದೇ ಇನ್ನೊಂದು ತಂತ್ರಾಂಶವಾದ ಲಿಬ್ರೆಆಫೀಸ್ ರೈಟರ್. ಅವರಿಗಾಗಿ ಆ ತಂತ್ರಾಂಶದ ಓಟಿಟಿ (.ott) ಬಗೆಯ ಟೆಂಪ್ಲೇಟನ್ನು ಅಲ್ಲೇ ಕಟ್ಟಿಕೊಟ್ಟೆ. ಅಲ್ಲಿ ಪುಟಗಳಿಗೂ ಪ್ರತ್ಯೇಕ ಸ್ಟೈಲ್ ಇರುವುದರಿಂದ ಮುಖಪುಟವನ್ನೂ ಒಳಪುಟಗಳನ್ನೂ ಬೇರ್ಪಡಿಸುವುದು ವರ್ಡ್‌ಗಿಂತ ಸಲೀಸಾಯಿತು ಎಂದೇ ಹೇಳಬೇಕು.

ಮುಂದಿನ ವರದಿಯ ಭಾಗಗಳು ಬಂದಾಗ, ಅವನ್ನು ಸೇರಿಸಿ ಪರಿವಿಡಿಯನ್ನು ಅಪ್‌ಡೇಟ್ ಮಾಡುವಷ್ಟರಲ್ಲಿ ಜೋಡಣೆಯ ಕೆಲಸ ಬಹುಪಾಲು ಮುಗಿದಿತ್ತು, ಮತ್ತು ಆ ಸಲ ಕೋಷ್ಟಕಗಳ ಮೊತ್ತವನ್ನು ಒಂದೊಂದಾಗಿ ತಾಳೆ ನೋಡಲು ನನಗೆ ಸಮಯ ಸಿಕ್ಕಿತು. ಸ್ಪ್ರೆಡ್‌ಶೀಟಿನಿಂದ ನೇರವಾಗಿ ಅಂಟಿಸಿದ ಕೋಷ್ಟಕಗಳು ಮಾತ್ರ ಈಗಲೂ ತಮ್ಮದೇ ಗೆರೆ, ಬಣ್ಣಗಳನ್ನು ಹೊತ್ತು ಬರುತ್ತವೆ. ಅವಕ್ಕೊಂದು ಟೇಬಲ್ ಸ್ಟೈಲ್ ಸಿದ್ಧಪಡಿಸಿ, ಕೋಷ್ಟಕ ಎರಡನೆಯ ಪುಟಕ್ಕೆ ಹರಿದಾಗ ತಲೆಸಾಲು ಅಲ್ಲಿಯೂ ಮರಳಿ ಬರುವಂತೆ ಮಾಡುವ ಕೆಲಸವನ್ನು ಈಗ ಕೈಗೆತ್ತಿಕೊಂಡಿದ್ದೇನೆ.