ಎರಡನೇ ಬಾರ್ಡರ್ ರೂಟರ್ ಹಾಕೋ ಮುಂಚೆ ಟ್ಯಾಗ್ ಹಾಕ್ರಪ್ಪ

ಆರ್‌ಐಪಿ, ಓಎಸ್‌ಪಿಎಫ್ ಅಂದ್ರೆ ಯಾವ ನೆಟ್‌ವರ್ಕ್‌ಗೆ ಯಾವ ದಾರಿ ಅಂತ ರೂಟರ್‌ಗಳು ಒಂದಕ್ಕೊಂದು ಹೇಳ್ಕೊಳ್ಳೋ ಎರಡು ಪ್ರೋಟೋಕಾಲ್, ಎರಡೂ ಸೇರೋ ಕಡೆ ಇರೋದು ಬಾರ್ಡರ್ ರೂಟರ್. ಅಂಥ ಒಂದೇ ರೂಟರ್‌ನಲ್ಲಿ ಆರ್‌ಐಪಿನ ಓಎಸ್‌ಪಿಎಫ್‌ಗೆ, ಓಎಸ್‌ಪಿಎಫ್‌ನ ಆರ್‌ಐಪಿಗೆ ರೀಡಿಸ್ಟ್ರಿಬ್ಯೂಟ್ ಮಾಡಿದ್ರೆ (ಒಂದರಲ್ಲಿ ಕಲಿತ ದಾರಿನ ಇನ್ನೊಂದರಲ್ಲಿ ಹೇಳಿದ್ರೆ) ಸಾಮಾನ್ಯವಾಗಿ ಏನೂ ಆಗಲ್ಲ. ತಲೆನೋವು ಶುರುವಾಗೋದು "ಒಂದು ಹೋದ್ರೆ ಇನ್ನೊಂದಿರ್ಲಿ" ಅಂತ ಎರಡನೇದು ಇಟ್ಟು ಅದೇ ಕಾನ್ಫಿಗ್ ಕಾಪಿ ಪೇಸ್ಟ್ ಮಾಡಿದಾಗ.

ಸಿಸ್ಕೋ ಕಂಪನಿ ರೂಟರ್‌ಗಳ ಲೆಕ್ಕದಲ್ಲೇ ನೋಡಿ. ಆರ್1, ಆರ್2 ಎರಡು ಬಾರ್ಡರ್ ರೂಟರ್, ಎರಡಕ್ಕೂ ಬೇರೆ ಬೇರೆ ಲಿಂಕ್‌ನಲ್ಲಿ ಆರ್‌ಐಪಿ ಮಾತಾಡೋ ಹಳೇ ರೂಟರ್ ಆರ್3, ಅದರ ಹಿಂದೆ ಎಲ್ಲೋ 10.5.0.0/16 ಅನ್ನೋ ನೆಟ್‌ವರ್ಕ್. ಆರ್1 ಇದನ್ನ ಓಎಸ್‌ಪಿಎಫ್‌ಗೆ ಹಾಕತ್ತೆ. ಈಗ ಆರ್2ಗೆ ಅದೇ ನೆಟ್‌ವರ್ಕ್ ಎರಡು ಕಡೆಯಿಂದ ಬರತ್ತೆ, ಆರ್‌ಐಪಿ ಡಿಸ್ಟೆನ್ಸ್ (ಯಾವ ಪ್ರೋಟೋಕಾಲ್‌ನ ಎಷ್ಟು ನಂಬ್ಬೇಕು ಅನ್ನೋ ನಂಬರ್) 120, ಓಎಸ್‌ಪಿಎಫ್‌ದು 110, ಕಮ್ಮಿ ಇದ್ದಿದ್ದೇ ಗೆಲ್ಲೋದು, ಹಾಗಾಗಿ ಪಕ್ಕದಲ್ಲೇ ಇರೋ ದಾರಿ ಬಿಟ್ಟು ಆರ್1 ಕಡೆ ತಿರುಗತ್ತೆ. ಇಷ್ಟಕ್ಕೇ ನಿಂತಿದ್ರೆ ಸುತ್ತುದಾರಿ ಅಷ್ಟೇ. ಆದ್ರೆ ಆರ್2 ಅದನ್ನ ಓಎಸ್‌ಪಿಎಫ್ ರೂಟ್ ಅಂದ್ಕೊಂಡು ಮೆಟ್ರಿಕ್ (ದಾರಿಯ ಉದ್ದ, ಆರ್‌ಐಪಿಲಿ ಹಾಪ್ ಅಂದ್ರೆ ದಾಟೋ ರೂಟರ್‌ಗಳ ಎಣಿಕೆ) 1 ಕೊಟ್ಟು ವಾಪಸ್ ಆರ್‌ಐಪಿಗೆ ಹಾಕತ್ತೆ, ಆರ್3 ಹತ್ರ ಇದ್ದ ಅಸಲಿ ರೂಟ್ 3 ಹಾಪ್, ಸೋ ಆರ್2ನೇ ಹತ್ರ ಅಂತ ನಂಬತ್ತೆ. ಪ್ಯಾಕೆಟ್ ಆರ್3ಯಿಂದ ಆರ್2, ಅಲ್ಲಿಂದ ಆರ್1, ಮತ್ತೆ ಆರ್3, ಇದೇ ಲೂಪ್. ನಾನೇ ಹಬ್ಬಿಸಿದ ಸುದ್ದಿನ ಪಕ್ಕದ ಬೀದಿಯವರ ಬಾಯಲ್ಲಿ ಕೇಳಿ "ಓ ನಿಜಾನಾ" ಅಂದಹಾಗೆ. ಟ್ರೇಸ್‌ರೂಟ್ ಹೊಡೆದ್ರೆ ಅದೇ ಐಪಿಗಳು ಸುತ್ತುತ್ತಾ ಇರ್ತವೆ, ಟಿಟಿಎಲ್ (ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದು ಅನ್ನೋ ಎಣಿಕೆ) ಮುಗಿಯೋವರೆಗೆ.

ಆರ್‌ಐಪಿಲಿ 16 ಹಾಪ್ ಅಂದ್ರೆ ಇನ್ಫಿನಿಟಿ, ದಾರಿನೇ ಇಲ್ಲ ಅಂತ, ಅದು ಕಾಪಾಡಲ್ವಾ ಅಂದ್ರೆ, ಇಲ್ಲ. ಬಾರ್ಡರ್ ದಾಟಿದ ತಕ್ಷಣ ಹಳೇ ಮೆಟ್ರಿಕ್ ಮರೆತುಹೋಗತ್ತೆ, ಎಣಿಕೆ ಮತ್ತೆ ಮೊದಲಿಂದ.

ಮದ್ದು ಟ್ಯಾಗ್, ಅಂದ್ರೆ ರೂಟ್‌ಗೆ ಅಂಟಿಸೋ ಗುರುತಿನ ನಂಬರ್. ಆರ್‌ಐಪಿಯಿಂದ ಓಎಸ್‌ಪಿಎಫ್‌ಗೆ ಹೋಗೋದಕ್ಕೆ ಟ್ಯಾಗ್ 120 ಹಾಕಿ, ವಾಪಸ್ ಬರೋ ರೂಟ್‌ಮ್ಯಾಪ್‌ನಲ್ಲಿ (ಯಾವ ರೂಟ್ ಒಳಗೆ ಬಿಡ್ಬೇಕು, ಯಾವುದು ತಡೀಬೇಕು ಅನ್ನೋ ಪಟ್ಟಿ) ಮೊದಲನೇ ಸಾಲಲ್ಲೇ ಟ್ಯಾಗ್ 120 ಡಿನೈ, ಆಮೇಲೆ ಪರ್ಮಿಟ್. ಇನ್ನೊಂದು ದಿಕ್ಕಿಗೂ ಬೇರೆ ನಂಬರ್ ಇಟ್ಟು ಹಾಗೇ, ಎರಡೂ ರೂಟರ್‌ನಲ್ಲಿ. ಆರ್‌ಐಪಿ ವರ್ಷನ್ 1ರಲ್ಲಿ ಟ್ಯಾಗ್‌ಗೆ ಜಾಗನೇ ಇಲ್ಲ, ಅಲ್ಲಿ ಪ್ರಿಫಿಕ್ಸ್ (10.5.0.0/16 ಥರದ ನೆಟ್‌ವರ್ಕ್ ವಿಳಾಸ) ಬರೆದು ಫಿಲ್ಟರ್ ಮಾಡೋದೇ ಗತಿ.

ಟ್ಯಾಗ್ ಲೂಪ್ ನಿಲ್ಸತ್ತೆ, ಸುತ್ತುದಾರಿ ನಿಲ್ಸಲ್ಲ. ಅದಕ್ಕೆ ಓಎಸ್‌ಪಿಎಫ್ ಎಕ್ಸ್‌ಟರ್ನಲ್ (ಹೊರಗಿಂದ ತಂದು ಹಾಕಿದ ರೂಟ್‌ಗಳ) ಡಿಸ್ಟೆನ್ಸ್‌ನ 130 ಮಾಡಿ ಅಂತ ಸುಮಾರು ಜನ ಹೇಳ್ತಾರೆ, ನನಗೆ ಅದು ಅರ್ಧ ಸಲಹೆ ಅನ್ಸತ್ತೆ. ಯಾಕಂದ್ರೆ ಓಎಸ್‌ಪಿಎಫ್ ಕಡೆಯದ್ದೇ ಆದ ಎಕ್ಸ್‌ಟರ್ನಲ್ ರೂಟ್, ಉದಾಹರಣೆಗೆ ಇಂಟರ್ನೆಟ್ ಕಡೆಯ ಡೀಫಾಲ್ಟ್ (ಬೇರೆ ದಾರಿ ಗೊತ್ತಿಲ್ಲದಾಗ ಹಿಡಿಯೋ ರೂಟ್), ಅದನ್ನ ಆರ್1 ಆರ್‌ಐಪಿಗೆ ಹಾಕಿದ್ರೆ ಆರ್2ಗೆ ಈಗ ಆರ್‌ಐಪಿಯ 120 ಚೆನ್ನಾಗಿ ಕಾಣತ್ತೆ, ಅದೇ ರೋಗ ಉಲ್ಟಾ. ಆರ್‌ಐಪಿ ಕಡೆಯ ಪ್ರಿಫಿಕ್ಸ್‌ಗಳಿಗೆ ಮಾತ್ರ ಎಸಿಎಲ್ (ವಿಳಾಸಗಳ ಪಟ್ಟಿ) ಇಟ್ಟು ಓಎಸ್‌ಪಿಎಫ್ ಡಿಸ್ಟೆನ್ಸ್ ಏರಿಸಿ.

ಆರ್‌ಐಪಿ ಬದಲು ಇಐಜಿಆರ್‌ಪಿ (ಇನ್ನೊಂದು ಪ್ರೋಟೋಕಾಲ್) ಆದ್ರೆ ಡಿಸ್ಟೆನ್ಸ್ ಇಂಟರ್ನಲ್ 90, ಎಕ್ಸ್‌ಟರ್ನಲ್ 170, ಸೋ ಓಎಸ್‌ಪಿಎಫ್‌ದು ಸುತ್ತಿ ಬಂದ್ರೂ 110 ಎದುರು ಸೋಲತ್ತೆ. ಆದ್ರೆ ಇಐಜಿಆರ್‌ಪಿಗೆ ಹೊರಗಿಂದ ಬಂದಿದ್ದೇ ಇದ್ರೆ ಅದು 170, ಮತ್ತೆ ಅದೇ ಕಥೆ.

ನನ್ನ ಕೇಳಿದ್ರೆ, ಆರ್‌ಐಪಿ ಕಡೆಗೆ ಡೀಫಾಲ್ಟ್ ರೂಟ್ ಒಂದು ಸಾಕಾಗೋ ಹಾಗಿದ್ರೆ ಮ್ಯೂಚುವಲ್ (ಎರಡೂ ದಿಕ್ಕಿನ) ಸಹವಾಸನೇ ಬೇಡ, ಒಂದೇ ದಿಕ್ಕಿಗೆ ಮಾಡಿ ಬಿಡಿ.

ಟೆಸ್ಟ್ ಮಾಡುವಾಗ ಪಿಂಗ್ ಬಂತು ಅಂತ ಎದ್ದು ಹೋಗ್ಬೇಡಿ. ಅಸಲಿ 10.5 ಇಂಟರ್‌ಫೇಸ್ ಶಟ್ ಮಾಡಿ, ಆರ್‌ಐಪಿ ಫ್ಲಶ್ ಟೈಮರ್ (ಸುದ್ದಿ ಬರದ ರೂಟ್ ಅಳಿಸೋ ಗಡುವು) 240 ಸೆಕೆಂಡ್ ಕಳೆದ ಮೇಲೂ ಆರ್3 ಟೇಬಲ್‌ನಲ್ಲಿ ಆ ರೂಟ್ ಕೂತಿದ್ರೆ ಎಲ್ಲೋ ಒಂದು ಡಿನೈ ಬಿಟ್ಟುಹೋಗಿದೆ.